ಹರೀಸಾ ಮತ್ತು ಮೈದುನ ಹಮ್ಮಾದಿ

ನಾಬೆಲ್ ಊರಿನ ಮೊಂಜಿಯಾ ಹರೀಸಾ ಮಾರುತ್ತಿದ್ದಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶಾಜೀರಿಗೆ ಅರೆದು, ಮೇಲೆ ಆಲಿವ್ ಎಣ್ಣೆ ಹೊಯ್ದು ಬಾಟಲಿಗೆ ತುಂಬುವುದು. ಗಂಡ ತೀರಿಕೊಂಡ ಮೇಲೆ ಹಿಡಿದ ಕಸುಬು. ಅವಳ ಹರೀಸಾ ಬಹಳ ಚೆನ್ನಾಗಿತ್ತು. ಆದರೆ ಆ ಊರಿನಲ್ಲಿ ಹರೀಸಾ ಚೆನ್ನಾಗಿ ಮಾಡದ ಹೆಂಗಸೇ ಇರಲಿಲ್ಲವಾದ್ದರಿಂದ, ಚೆನ್ನಾಗಿದ್ದೂ ಪ್ರಯೋಜನವಾಗಲಿಲ್ಲ.

ಪುರಸಭೆಯಲ್ಲಿ ಒಮ್ಮೆ ಸಣ್ಣ ವ್ಯಾಪಾರದ ಹೆಂಗಸರಿಗೆ ತರಬೇತಿ ಏರ್ಪಟ್ಟಿತು. ರಾಜಧಾನಿಯಿಂದ ಬಂದ ಹುಡುಗಿಯೊಬ್ಬಳು ಪಾಠ ಹೇಳಿದಳು.

"ಕೊಂಡವರ ಹತ್ರ ಇಮೇಲ್ ವಿಳಾಸ ಇಸ್ಕೊಳ್ಳಿ. ವಾರಕ್ಕೊಂದು ಪತ್ರ ಕಳಿಸಿ. ಬರೀ ತಗೊಳ್ಳಿ ತಗೊಳ್ಳಿ ಅನ್ಬೇಡಿ, ನಿಮ್ಮನೇಲಿ ನಡೆದದ್ದು ಬರೀರಿ."

ಉಳಿದವರು ತಲೆಯಾಡಿಸಿ, ಚಹಾ ಕುಡಿದು ಮನೆಗೆ ಹೋದರು. ಮೊಂಜಿಯಾ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಮೊದಲ ಪತ್ರದಲ್ಲಿ ಶಾಜೀರಿಗೆಯಿಂದ ಹೊಟ್ಟೆಗಾಗುವ ಉಪಕಾರಗಳನ್ನು ಬರೆದಳು. ಒಂದೇ ಉತ್ತರ ಬಂತು: ದಯವಿಟ್ಟು ಇನ್ನು ಕಳಿಸಬೇಡಿ.

ಎರಡನೆಯ ವಾರ ಅವಳ ಮೈದುನ ಹಮ್ಮಾದಿ ಅಂಗಳಕ್ಕೆ ಬಂದು, ಒಣಗಲು ಹರವಿದ್ದ ಮೆಣಸಿನಕಾಯಿ ಚಾಪೆಯ ಮೇಲೆ ಕುಳಿತುಬಿಟ್ಟ. ಅಂಚೆ ಕಚೇರಿಯಿಂದ ನಿವೃತ್ತನಾದ ವಿಧುರ. ಮಧ್ಯಾಹ್ನದ ಊಟ ದಿನವೂ ಅತ್ತಿಗೆಯ ಮನೆಯಲ್ಲಿ. ಮೊಂಜಿಯಾ ಸಿಟ್ಟಿನಲ್ಲೇ ಬರೆದಳು: "ಈ ವಾರ ಸರಕು ಕಡಿಮೆ. ನನ್ನ ಮೈದುನ ಮೆಣಸಿನಕಾಯಿಯ ಮೇಲೆ ಕುಳಿತ. ಆ ಚಾಪೆಯದನ್ನು ಎಸೆದಿದ್ದೇನೆ. ಅವನು ಈಗ ನಿಂತುಕೊಂಡೇ ಊಟ ಮಾಡುತ್ತಿದ್ದಾನೆ."

ಸಂಜೆಯೊಳಗೆ ಸರಕೆಲ್ಲ ಖಾಲಿ. ದೂರದ ಸ್ಫಾಕ್ಸ್ ಊರಿನಿಂದ ಒಬ್ಬಾಕೆ ನಾಲ್ಕು ಬಾಟಲಿ ಕೇಳಿ, ಕೊನೆಯಲ್ಲಿ "ಮೈದುನರು ಈಗ ಹೇಗಿದ್ದಾರೆ?" ಎಂದು ವಿಚಾರಿಸಿದ್ದಳು.

ಅಂದಿನಿಂದ ಪತ್ರದಲ್ಲಿ ಹಮ್ಮಾದಿ ತಪ್ಪಲಿಲ್ಲ. ಅವನು ನಲ್ಲಿ ರಿಪೇರಿ ಮಾಡಿದ್ದು, ಆಮೇಲೆ ನಲ್ಲಿಯವನನ್ನು ಕರೆಸಿದ್ದು. ಮೀನು ತರಲು ಹೋಗಿ ಪಂಜರ ಸಮೇತ ಗಿಳಿ ತಂದದ್ದು. ವ್ಯಾಪಾರ ಏರಿತು. ಹಮ್ಮಾದಿಗೆ ಮಾತ್ರ ಇದರ ಸುಳಿವಿರಲಿಲ್ಲ. ಒಂದು ದಿನ ಕಾಫಿ ಅಂಗಡಿಯಲ್ಲಿ ಗೆಳೆಯ ಶಾಜ್ಲಿ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಮುಂದೆ ತಳ್ಳಿದ.

"ಬಾರಯ್ಯ, ಕೂತ್ಕೋ. ನೋಡಿದೀನಿ, ಖಾರ ಇಲ್ಲ."

ಹಮ್ಮಾದಿ ನೇರ ಅತ್ತಿಗೆಯ ಅಂಗಳಕ್ಕೆ ಬಂದ.

"ಅತ್ತಿಗೆ, ನನ್ನ ಮಾನಾನ ಬಾಟ್ಲಿಗೆ ತುಂಬಿ ಮಾರ್ತಿದೀರಾ?"

"ಬಾಟ್ಲಿಗೇನೂ ತುಂಬಿಲ್ಲಪ್ಪ. ಪತ್ರದಲ್ಲಿ ಬರೆದಿದೀನಿ ಅಷ್ಟೆ."

"ಇನ್ಮೇಲೆ ನನ್ನ ಹೆಸರು ಎತ್ತಬಾರ್ದು!"

"ಆಯ್ತು, ಎತ್ತಲ್ಲ. ಊಟ ಮಾಡು."

"ಮಾಡಲ್ಲ," ಎಂದು ಹೊರಟುಹೋದ. ಅವನು ಊಟ ಬಿಟ್ಟದ್ದು ಅದೇ ಮೊದಲು.

ಮುಂದಿನ ಪತ್ರದಲ್ಲಿ ಬೆಳ್ಳುಳ್ಳಿಯ ವಿಷಯ ಮಾತ್ರ ಇತ್ತು. ಅದರ ಮುಂದಿನದರಲ್ಲೂ ಅಷ್ಟೇ. ಜನ ಗಾಬರಿಯಾದರು. ಕಡಲಾಚೆಯ ಮಾರ್ಸೇಯಲ್ಲಿರುವ ಒಬ್ಬಾಕೆ, ನಿಮ್ಮ ಮೈದುನರು ಎಂಥ ಒಳ್ಳೆಯ ಮನುಷ್ಯರಿದ್ದರು ಎಂದು ಸಂತಾಪ ಸೂಚಿಸಿ, ದೇವರು ನಿಮಗೆ ತಾಳ್ಮೆ ಕೊಡಲಿ ಎಂದು ಹಾರೈಸಿದಳು. ಹರೀಸಾ ಕೇಳುವವರು ಕಡಿಮೆಯಾಗುತ್ತ ಬಂದು, ಕೊನೆಗೆ ಸ್ವಂತ ತಂಗಿ ಒಬ್ಬಳು ಉಳಿದಳು. ಅವಳು ಯಾವತ್ತೂ ದುಡ್ಡು ಕೊಟ್ಟವಳಲ್ಲ.

ಮೊಂಜಿಯಾ ಗೋಧಿರವೆಯ ಕುಸ್‌ಕುಸ್ ಬೇಯಿಸಿ, ಮೇಲೆ ಕುರಿಮಾಂಸ ಇಟ್ಟು, ತಟ್ಟೆ ಮುಚ್ಚಿಕೊಂಡು ಮೈದುನನ ಮನೆಗೆ ಹೋದಳು. ಸಂತಾಪದ ಪತ್ರವನ್ನು ಓದಿ ಹೇಳಿದಳು. ಹಮ್ಮಾದಿ ಅದನ್ನು ಇನ್ನೊಮ್ಮೆ ಓದಿಸಿಕೊಂಡ. ಬದುಕಿದ್ದಾಗಲೇ ಇಷ್ಟು ಒಳ್ಳೆಯ ಮಾತು ಕೇಳಿದ್ದು ಅವನಿಗೆ ಹೊಸದು.

"ಮಾರ್ಸೇಯವ್ರಾ?" ಎಂದ.

"ಹೂಂ. ಸ್ಫಾಕ್ಸ್‌ನವ್ಳೂ ಕೇಳಿದಾಳೆ. ಬಿಜರ್ತಾದಲ್ಲಿ ಒಬ್ರು ಟೀಚರು, ರಿಟೈರ್ ಆಗಿದಾರೆ, ಪಾಪ ಗಂಡ ಇಲ್ಲ. ಮೂರು ಸಲ ಕೇಳಿದಾರೆ."

"ಬರೀರಿ ಹಾಗಾದ್ರೆ. ಆದ್ರೆ ಮೈದುನ ಗೀದುನ ಅನ್ಬಾರ್ದು. ಮರ್ಯಾದೆಯಾಗಿ ಸಿ ಹಮ್ಮಾದಿ ಅನ್ನಿ. ಕಳಿಸೋಕ್ ಮುಂಚೆ ನಂಗೆ ತೋರಿಸ್ಬೇಕು. ಇನ್ನೊಂದು, ನಾನು ಕೂತಿದ್ದಲ್ಲ, ಜಾರಿ ಬಿದ್ದಿದ್ದು."

ಮೊಂಜಿಯಾ ತಿದ್ದುಪಡಿ ಪ್ರಕಟಿಸಿದಳು: "ಸಿ ಹಮ್ಮಾದಿಯವರು ಕುಳಿತದ್ದಲ್ಲ, ಜಾರಿ ಬಿದ್ದದ್ದು. ಏಳುವ ಮೊದಲು ಕೈಯಲ್ಲಿದ್ದ ಸಿಗರೇಟು ಮುಗಿಸಿದರು." ಎರಡನೆಯ ವಾಕ್ಯ ಹಮ್ಮಾದಿಯೇ ಸೇರಿಸಿದ್ದು, ಗಾಬರಿಪಡುವ ಮನುಷ್ಯನಲ್ಲ ಎಂದು ತಿಳಿಯಲಿ ಅಂತ. ಆ ವಾರ ಮೊಂಜಿಯಾ ಬಾಟಲಿ ಸಾಲದೆ ನೆರೆಮನೆಯಿಂದ ಎರವಲು ತಂದಳು.

ಆಮೇಲೆ ಹಮ್ಮಾದಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರತೊಡಗಿದ. ಒಂದು ಮಧ್ಯಾಹ್ನ ಕೈ ತೊಳೆಯುತ್ತ ಕೇಳಿದ.

"ಈ ವಾರ ಒಂದ್ಮಾತು ಹಾಕ್ತೀರಾ ಅತ್ತಿಗೆ? ಸಿ ಹಮ್ಮಾದಿಗೆ ಪಿಂಚಣಿ ಬರುತ್ತೆ, ಹಲ್ಲೆಲ್ಲಾ ಸ್ವಂತದ್ದು ಅಂತ."

"ಹರೀಸಾ ಪತ್ರದಲ್ಲಿ ಹಲ್ಲೇನೋ?"

"ತಿನ್ನೋದು ಹಲ್ಲಿಂದ್ಲೇ ಅಲ್ವೇ?"

ಮೊಂಜಿಯಾ ನಗದೆ ಬರೆದಳು. ಬಿಜರ್ತಾದ ಟೀಚರು, ಸಲೂಹಾ ಎಂದು ಹೆಸರು, ಬಸ್ಸು ಹತ್ತಿ ಹರೀಸಾ ಕೊಳ್ಳಲು ಖುದ್ದು ಬಂದರು. ಒಂದೇ ಬಾಟಲಿ ಕೊಂಡರು; ಅದಕ್ಕೆ ಇಡೀ ದಿನ ಹಿಡಿಯಿತು. ಕಿತ್ತಳೆ ಹೂ ಬಿಡುವ ಕಾಲಕ್ಕೆ ಹಮ್ಮಾದಿಗೂ ಅವರಿಗೂ ಮದುವೆಯಾಯಿತು. ಸಲೂಹಾ ಬಂದವರೇ ಹಳೆಯ ಪತ್ರಗಳನ್ನೆಲ್ಲ ಪ್ರಿಂಟ್ ತೆಗೆಸಿ ಇನ್ನೊಮ್ಮೆ ಓದಿ, ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಕೊಟ್ಟರು.

"ನನ್ ಬಗ್ಗೇನೂ ಬರೀರಿ ಅಕ್ಕ, ಬೇಜಾರಿಲ್ಲ," ಎಂದರು. "ಆದ್ರೆ ವಿಷಯ ಬೇಕಲ್ಲ, ನಾನು ಅಂಥದ್ದೇನೂ ಮಾಡೋದಿಲ್ಲ."

ಮೊಂಜಿಯಾ ಕೆಂಪು ಗೆರೆಗಳನ್ನು ನೋಡಿದಳು. ಆ ವಾರದ ಪತ್ರ ಅಲ್ಲಿಂದಲೇ ಶುರುವಾಯಿತು.