ದ್ರಾಕ್ಷಿಯ ಮೇಲಿನ ಬಿಳಿ ಪುಡಿ

ಕರಾವಳಿಯ ಕಟಪಾಡಿಗೆ ಬಂದ ಮೊದಲ ವಾರ, ಅಡುಗೆ ಕೆಲಸಕ್ಕೆ ಸೇರಿದ ಮನೆಯಲ್ಲಿ ಯೇಸುವಿನ ಪಟದ ಕೆಳಗಿದ್ದ ಭರಣಿಯ ಮುಚ್ಚಳ ಸರಿಸಿದೆ. ಹೆಂಡದ ವಾಸನೆ! ಮಕ್ಕಳೇ, ನಮ್ಮೂರಿನಲ್ಲಿ ಕುಡಿತವೆಂದರೆ ಊರಾಚೆ ಕದ್ದು ನಡೆಯುವಂಥದ್ದು. ಇಲ್ಲಿ ಮನೆಯೊಡತಿ, ಎಪ್ಪತ್ತೈದರ ರೋಸಿ ಬಾಯಿ ಅದಕ್ಕೆ ಬಿಳಿ ಬಟ್ಟೆ ಕಟ್ಟಿ ಕೂಸಿನಂತೆ ನೋಡಿಕೊಳ್ಳುತ್ತಿದ್ದರು. ಕ್ರಿಸ್ಮಸ್ಸಿಗೆ ಬಂದವರಿಗೆಲ್ಲ ಸಣ್ಣ ಲೋಟದಲ್ಲಿ ಕೊಡುವ ವೈನ್ ಅದು.

ನಿಮ್ಮ ಅಜ್ಜ ಹೋದ ಮೇಲೆ, ಮಣಿಪಾಲದ ಕಟ್ಟಡದ ಕೆಲಸಕ್ಕೆ ಬಂದ ನಿಮ್ಮ ಅತ್ತೆಯ ಜೊತೆ ನಾನೂ ಬಂದವಳು. ವಿಜಯಪುರದ ಕಡೆಯವರಾದ ನಮಗೆ ದ್ರಾಕ್ಷಿ ಹೊಸದಲ್ಲ. ಅಲ್ಲಿ ಅದನ್ನು ಒಣಗಿಸುತ್ತೇವೆ. ಗೊನೆಯ ಮೇಲೆ ಬಿಳಿ ಪುಡಿ ಕಂಡರೆ ಹೊಡೆದ ಔಷಧವೆಂದೇ ತಿಳಿಯುತ್ತೇವೆ. ಉಪ್ಪುನೀರಲ್ಲಿ ತಿಕ್ಕದೆ ನಿಮಗೆ ಒಂದು ಹಣ್ಣನ್ನೂ ಕೊಟ್ಟವಳಲ್ಲ ನಾನು.

ಮರುವರ್ಷ ಬಾಯಿ ಐದು ಕಿಲೋ ಕಪ್ಪು ದ್ರಾಕ್ಷಿ ತರಿಸಿದರು. "ಶಾಂತವ್ವ, ಒಂದೇ ನೀರು. ತಿಕ್ಕಲಿಕ್ಕಿಲ್ಲ, ಆಯ್ತಾ?"

"ಹೂಂ ರೀ ಬಾಯಿ."

ಅವರು ಪ್ರಾರ್ಥನೆಗೆಂದು ಇಗರ್ಜಿಗೆ ಹೋದದ್ದೇ, ದ್ರಾಕ್ಷಿಯ ವಿಷಯ ಇವರಿಗೇನು ಗೊತ್ತು ಎಂದುಕೊಂಡು, ಬಿಸಿನೀರಿಗೆ ಉಪ್ಪು ಸುರಿದು ಒಂದೊಂದು ಹಣ್ಣನ್ನೂ ಮಿಂಚುವಂತೆ ತಿಕ್ಕಿದೆ.

ಬಾಯಿ ಬಂದು ಸಕ್ಕರೆ ಸೇರಿಸಿ ಹಿಸುಕಿ ತುಂಬಿದರೂ, ಆ ಸಲ ಭರಣಿ ನೊರೆ ಎಬ್ಬಿಸಲೇ ಇಲ್ಲ. ಹತ್ತನೇ ದಿನ ಬೂಸ್ಟು ಬಂತು. ಬಾಯಿ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ಅಮ್ಮ ಕಲಿಸಿದ್ದು. ಒಮ್ಮೆಯೂ ತಪ್ಪಿರಲಿಲ್ಲ. ನನ್ನ ಕೈ ಹೋಯ್ತು ಮಾರಾಯ್ತಿ." ತೊಳೆದದ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆಯಲಿಲ್ಲ.

ಹಬ್ಬಕ್ಕೆ ದುಬೈಯಿಂದ ಬಂದ ಅವರ ಮಗಳು ಲವೀನಾ ಅಲ್ಲಿನ ಹೋಟೆಲಿನಲ್ಲಿ ಕೆಲಸ ಮಾಡುವವಳು. ಅಂಗಡಿಯ ಬಾಟಲಿ ತಂದು ನನಗೂ ವೈನಿನ ಶಬ್ದಗಳನ್ನು ಕಲಿಸಿದಳು. ಸಿಹಿ ಉಳಿಯದಿದ್ದರೆ ಡ್ರೈ. ಬಾಯಲ್ಲಿ ದಪ್ಪ ಅನಿಸಿದರೆ ಬಾಡಿ ಇದೆ ಎನ್ನಬೇಕಂತೆ.

"ಅಮ್ಮ ಮಾಡುವುದಕ್ಕೆ ಈಗ ದೊಡ್ಡ ಹೆಸರು ಉಂಟು ಆಂಟಿ. ನ್ಯಾಚುರಲ್ ವೈನ್! ಹೊರಗಿನ ಯೀಸ್ಟ್ ಹಾಕುವುದಿಲ್ಲ. ಸಿಪ್ಪೆಯ ಮೇಲೆ ಬಿಳಿ ಪುಡಿ ಇರ್ತದಲ್ಲ, ಅದರಲ್ಲೇ ಯೀಸ್ಟ್ ಉಂಟು. ಸಕ್ಕರೆ ತಿಂದು ವೈನ್ ಮಾಡುವುದು ಅದೇ."

ಬಿಸಿನೀರಲ್ಲಿ ನಾನು ತಿಕ್ಕಿ ತೆಗೆದದ್ದು ಅದನ್ನೇ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ ಹೋಗುವ ಭಯಕ್ಕಿಂತ, ಹೂಂ ಎಂದು ಮಾತು ಮುರಿದ ನಾಚಿಕೆ ದೊಡ್ಡದಾಗಿತ್ತು. ಒಂದು ವರ್ಷವಿಡೀ ಬಾಯಿ ತಮ್ಮ ಕೈಯನ್ನೇ ಅನುಮಾನಿಸಿದರು. ಸಾರಿಗೆ ಉಪ್ಪು ಹಾಕಲೂ ನನ್ನನ್ನು ಕರೆಯುತ್ತಿದ್ದರು.

ಈ ಸಲ ವೈನ್ ಹಾಕುವ ಹೊತ್ತಿಗೆ ಭರಣಿಯನ್ನೇ ನನ್ನ ಮುಂದಿಟ್ಟರು. "ಉಪ್ಪಿನಕಾಯಿಗೆ ಇಟ್ಕೊ. ನನಗೆ ಇನ್ನು ಎಂತಕ್ಕೆ?"

ನಾನು ಭರಣಿಯನ್ನು ಅವರ ಕಡೆಗೇ ಸರಿಸಿದೆ. "ನಿಮ್ಮ ಕೈ ಅಲ್ರೀ ಬಾಯಿ. ಆ ದ್ರಾಕ್ಷಿ ನಾನಽ ತಿಕ್ಕಿ ತೊಳದೀನಿ. ಬಿಸಿನೀರಾಗ."

ಬಾಯಿ ಭರಣಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಒಂದು ವರ್ಷ ಆಯ್ತಲ್ಲ ಶಾಂತವ್ವ," ಎಂದರು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿದ್ದೆ.

ಮರುದಿನ ದ್ರಾಕ್ಷಿ ಬಂತು. "ನಿನ್ನ ಸ್ವಚ್ಛತೆ ಸಾಕು, ಕೈಕಟ್ಟಿ ಕೂತ್ಕೊ," ಎಂದು ತಾವೇ ಒಂದು ನೀರಿನಲ್ಲಿ ಅದ್ದಿ ತೆಗೆದರು. ಮೂರನೇ ದಿನ ಭರಣಿಗೆ ಕಿವಿಯಿಟ್ಟರೆ ಒಳಗೆ ಸಣ್ಣಗೆ ಚಿಟಿಚಿಟಿ. ಬಾಯಿ ನಕ್ಕರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಊರಿಗೆ ಬಂದಾಗ ನಿಮಗೆ ದ್ರಾಕ್ಷಿಯನ್ನು ಮೊದಲಿನಂತೆ ತಿಕ್ಕಿಯೇ ಕೊಡುತ್ತೇನೆ, ತಿನ್ನುವ ಹಣ್ಣಿಗೆ ಅದೇ ಸರಿ. ಆದರೆ ಆ ಬಿಳುಪು ನೀರಿಗಿಳಿಯುವಾಗಲೆಲ್ಲ, ಕಟಪಾಡಿಯ ಅಡುಗೆಮನೆಯಲ್ಲಿ ಬಾಯಿ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡದ್ದು ಕಣ್ಣಿಗೆ ಬರುತ್ತದೆ.