ಒಂದು ಕುರ್ಚಿ, ಎರಡು ಹೆಸರು

ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ಅವಳಿಗೆ ಬೀಗದಕ್ಕ ಎಂದು ಹೆಸರಿಟ್ಟವನು ನಾನೇ. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು. ಆದರೂ ಕಂಪ್ಯೂಟರಿನಲ್ಲಿ ಕಂಡಕಂಡಲ್ಲಿ ಬೀಗ ಜಡಿಯುವವಳನ್ನು ಇನ್ನೇನೆಂದು ಕರೆಯುವುದು? ಫೋನ್ ನಂಬರಿನಲ್ಲಿ ಒಂದು ಅಂಕಿ ಕಮ್ಮಿಯಾದರೂ ಅವಳ ಪ್ರೋಗ್ರಾಂ ಒಳಗೆ ಬಿಡುತ್ತಿರಲಿಲ್ಲ. ನಮ್ಮಿಬ್ಬರದು ಒಂದೇ ಕೋಣೆ. ರೋಗಿಗಳಿಗೆ ಫೋನ್ ಮಾಡಿ ಬೈಸಿಕೊಳ್ಳುವುದಕ್ಕೆ ನನಗೆ ಸಂಬಳ.

ತಾಯಿ ತೀರಿಕೊಂಡ ಮೇಲೆ ಅವಳು ನಗುವುದನ್ನೂ ಅಳುವುದನ್ನೂ ಒಟ್ಟಿಗೇ ಬಿಟ್ಟಿದ್ದಳು. ಮಾತಾಡಿಸಿದರೆ ಮಾತು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಉಳಿದವರು ಅಪ್ಪ ಒಬ್ಬರೇ, ಅವರಿಗೂ ಕಿಡ್ನಿ ಕೈಕೊಟ್ಟಿತ್ತು. ಸೂಜಿ ಎಂದರೆ ಮಗುವಿನ ಹಾಗೆ ಹೆದರುವ ಮನುಷ್ಯ. "ನೀನು ಕಣ್ಣಿಗೆ ಕಾಣೋ ಹಾಗಿದ್ರೆ ಹಾಕಿಸ್ಕೋತೀನಿ, ಇಲ್ಲಾಂದ್ರೆ ನನ್ನ ಪಾಡಿಗೆ ಬಿಟ್ಬಿಡು" ಎಂದು ಹಟ ಹಿಡಿದಿದ್ದರು. ಅದಕ್ಕೇ ಅವರಿಗೆ ಬೆಳಗಿನ ಪಾಳಿಯಲ್ಲಿ ಮೂಲೆಯ ಕುರ್ಚಿ. ಅಲ್ಲಿಂದ ಗಾಜಿನಾಚೆ ನಮ್ಮ ಕೋಣೆ, ಅವಳ ಬೆನ್ನು, ಎಣ್ಣೆ ಕಾಣದ ಜಡೆ. ಆಗಾಗ ಅವಳು ತಿರುಗಿ ನೋಡುತ್ತಿದ್ದಳು, ಅಷ್ಟೇ.

ಅದೇ ಪಾಳಿಗೆ, ಅದೇ ಕುರ್ಚಿಗೆ ಇನ್ನೊಂದು ಹೆಸರೂ ಇದೆ ಎಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಮಗಳ ಜೊತೆ ಬೇಗ ಬರುವ ಅಪ್ಪ ಕುರ್ಚಿ ಹಿಡಿಯುತ್ತಿದ್ದರು, ಆಕೆ ಬೇರೆ ಮೆಷಿನ್ ಖಾಲಿಯಾಗುವವರೆಗೆ ಕಾಯುತ್ತಿದ್ದಳು. ಹೋದ ವಾರ ಹಾಗೆ ಕಾಯುತ್ತಲೇ ಉಸಿರು ಕಟ್ಟಿ ಕೆಳಗೆ ಬಿದ್ದಳು. ಬದುಕಿದ್ದು ಪುಣ್ಯ. ದೊಡ್ಡ ಡಾಕ್ಟರು ಬೀಗದಕ್ಕನನ್ನು ಕರೆದು, ಇಂಥ ಜೋಡಿಗಳನ್ನೆಲ್ಲ ಬಿಡಿಸು, ಮೊದಲು ನೋಂದಾಯಿಸಿಕೊಂಡವರು ಉಳಿಯಲಿ, ಉಳಿದವರನ್ನು ನದಿಯಾಚೆಯ ಕೇಂದ್ರಕ್ಕೆ ಕಳಿಸೋಣ ಎಂದರು.

"ನಿನ್ನ ಪ್ರೋಗ್ರಾಂನಲ್ಲಿ ಬೀಗ ಇರ್ಲಿಲ್ವಾ?" ಎಂದು ನಾನು ಕಾಲೆಳೆದೆ.

"ಇತ್ತು ಅಣ್ಣ. ನಾವು ಬರೆಯೋದಕ್ಕೂ ಡೇಟಾಬೇಸಿಗೂ ಮಧ್ಯೆ ಒಂದು ಟೂಲ್ ಇರತ್ತೆ, ಓಆರ್‌ಎಂ ಅಂತ. ನಮ್ಮ ಮಾತನ್ನ ಅದರ ಭಾಷೆಗೆ ತಿರುಗಿಸಿ ಹೇಳತ್ತೆ. ಬೀಗ ಇದ್ದಿದ್ದು ಆ ಮಧ್ಯದವನ ಹತ್ರ ಮಾತ್ರ. ಬರೆಯೋ ಮುಂಚೆ ಕುರ್ಚಿ ಖಾಲಿನಾ ಅಂತ ಕೇಳ್ತಾನೆ. ಎರಡು ಕೌಂಟರಿಂದ ಒಂದೇ ಗಳಿಗೆಗೆ ಕೇಳಿದ್ರೆ ಇಬ್ರಿಗೂ ಖಾಲಿ ಅಂತಾನೇ ಉತ್ತರ. ಇಬ್ರನ್ನೂ ಬರೆದುಬಿಡ್ತಾನೆ."

"ಈಗೇನು ಮಾಡ್ತೀಯಾ?"

"ಡೇಟಾಬೇಸಿಗೇ ಬೀಗ ಹಾಕ್ಬೇಕು. ಯೂನಿಕ್ ಇಂಡೆಕ್ಸ್ ಅಂತಾರೆ. ಆಮೇಲೆ ಎರಡನೇ ಹೆಸರನ್ನ ಅದೇ ವಾಪಸ್ ಕಳಿಸತ್ತೆ."

ಹಾಕಲು ಹೋದರೆ ಡೇಟಾಬೇಸ್ ಒಪ್ಪಲಿಲ್ಲ. ಒಳಗೆ ಆಗಲೇ ಜೋಡಿ ಹೆಸರುಗಳಿದ್ದರೆ ಆ ಬೀಗ ಕೂರುವುದೇ ಇಲ್ಲವಂತೆ, ಮೊದಲು ಅವನ್ನು ತೆಗೆಯಬೇಕು. ಅವಳು ಒಂದೊಂದೇ ಹೆಸರು ಹೇಳಿದಳು, ನಾನು ಫೋನ್ ಮಾಡಿದೆ, ಹೊಟ್ಟೆ ತುಂಬ ಬೈಸಿಕೊಂಡೆ. ಕೊನೆಗೆ ಉಳಿದದ್ದು ಒಂದು ಜೋಡಿ. ಹೊಲಿಗೆಯವಳ ನೋಂದಣಿ ನಂಬರಿನ ಮುಂದಿನ ನಂಬರೇ ಬೀಗದಕ್ಕನ ಅಪ್ಪನದು.

"ಒಂದು ನಂಬರ್ ತಾನೇ, ಹಿಂದುಮುಂದು ಮಾಡು. ಯಾರು ನೋಡ್ತಾರೆ?" ಎಂದೆ. ತಮಾಷೆಗೆ ಹೇಳಿದ್ದಲ್ಲ.

"ಯಾರೂ ನೋಡಲ್ಲ" ಎಂದಳು. ಡಬ್ಬಿ ತೆರೆದು ಊಟ ಮಾಡಿದಳು. ರುಚಿ ಗೊತ್ತಾಗುತ್ತಿದ್ದಂತೆ ಕಾಣಲಿಲ್ಲ. ಕೈ ತೊಳೆದು ಬಂದು ಅಪ್ಪನ ಹೆಸರು ಅಳಿಸಿದಳು. ಮುಖದಲ್ಲಿ ಏನೂ ಇರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂತು.

ಈ ಸಲ ಬೀಗ ಕೂತಿತು. ಆದರೆ ಬೀಗ ಹಾಕಿದವರು ಎಳೆದು ನೋಡಬೇಕಲ್ಲ. ತುಂಬಿದ ಕುರ್ಚಿಗೆ ಇನ್ನೊಂದು ಹೆಸರು ಕೊಟ್ಟು, ಬೀಗ ಅದನ್ನು ಹೊರಗೆ ತಳ್ಳುತ್ತದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸದ ಪದ್ಧತಿ. ಯಾವುದಾದರೂ ಸುಳ್ಳು ಹೆಸರು ಸಾಕಿತ್ತು. ಅವಳು ಅಪ್ಪನ ಹೆಸರನ್ನೇ ಬರೆದು ಗುಂಡಿ ಒತ್ತಿದಳು. 'ಈ ಕುರ್ಚಿ ಖಾಲಿ ಇಲ್ಲ' ಎಂದು ಕೆಂಪು ಅಕ್ಷರ ಬಂತು. ಆ ವಾಕ್ಯ ಬರೆದಿದ್ದವಳೂ ಅವಳೇ. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ ಬಂತು.

"ಕೆಲಸ ಮಾಡ್ತಿದೆ" ಎಂದು ನನಗೆ ಹೇಳಿ ಎದ್ದಳು.

ಅವತ್ತಿನ ಸರದಿ ಮುಗಿಸಿ ಅಪ್ಪ ಹೊರಗಿನ ಬೆಂಚಿನ ಮೇಲೆ, ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದರು. ನಾನು ಬಾಗಿಲಲ್ಲಿ ನಿಂತೆ.

"ಆ ಕುರ್ಚಿ ಇನ್ನು ನಿಮಗಿಲ್ಲ ಅಪ್ಪ. ನದಿಯಾಚೆಗೆ ಹೋಗ್ಬೇಕು."

"ಯಾರು ಹೇಳಿದ್ದು?"

"ನಾನೇ."

ಅವರು ಹತ್ತಿ ಎತ್ತಿ ನೋಡಿದರು. ರಕ್ತ ನಿಂತಿತ್ತು.

"ಅಲ್ಲಿ ಗಾಜಿನಾಚೆ ಯಾರಿರ್ತಾರೆ?" ಎಂದು ಕೇಳಿದರು.

ಅವಳು ಅವರ ಹೊದಿಕೆ ತೆಗೆದುಕೊಂಡು ಮಡಿಸಿದಳು. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು.