ಕೈ ಇಲ್ಲದ ಡ್ರೈವರ್

ಸ್ನೇಹಿತರೇ, ಇವತ್ತು ನನ್ನ ಹೊಸ ಕಾರು ನನಗೆ ಕೈಯೇ ಇಲ್ಲ ಎಂದಿತು.

ವಿಮಾನ ನಿಲ್ದಾಣದಿಂದ ನದಿದಂಡೆಯ ಹನುಮಾನ್ ಘಾಟಿನ ಮನೆಗೆ ಬರುತ್ತಿದ್ದೆವು. ನನ್ನ ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು. ಆದರೂ ಕಾರು ರಸ್ತೆಯ ಗೆರೆ ದಾಟದಂತೆ ಕಾಯುವ ಯಂತ್ರ ಟೀಂ ಎಂದಿತು. "ಸ್ಟೇರಿಂಗ್ ಹಿಡಿಯಿರಿ" ಎಂದು ಪರದೆಯ ಮೇಲೆ ಬಂತು. ಸ್ವಲ್ಪ ದೂರ ಹೋದರೆ ಮತ್ತೆ ಅದೇ.

ಪಕ್ಕದಲ್ಲಿದ್ದ ಗಂಡ, "ಸರಿಯಾಗಿ ಹಿಡ್ಕೊಳ್ಳೇ" ಎಂದರು.

"ಹಿಡ್ಕೊಂಡೇ ಇದೀನಲ್ರೀ, ಕಾಣಲ್ವಾ?"

"ನನಗೆ ಕಾಣತ್ತೆ, ಅದಕ್ಕೆ ಕಾಣ್ತಿಲ್ಲ."

ಅವರೇ ಷೋರೂಮಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅವನು ನಕ್ಕು, "ಭಾಭೀಜಿ ಸೇ ಕಹಿಯೇ, ಸ್ಟೇರಿಂಗ್ ಥೋಡಾ ಹಿಲಾತೀ ರಹೇಂ" ಎಂದ. ನಾನು ಆಗಾಗ ಅಲುಗಾಡಿಸುತ್ತಿರಬೇಕಂತೆ. ಕೈ ಅಲುಗದಿದ್ದರೆ ಕೈಯೇ ಇಲ್ಲ ಎಂದು ಕಾರು ತಿಳಿಯುತ್ತದಂತೆ.

ನಾನು ಕಣ್ಣಿನ ಸರ್ಜನ್. ಕೈ ಅಲುಗಬಾರದು ಎಂಬುದೇ ನಾನು ಕಲಿತ ವಿದ್ಯೆ. ರೇಗಿಹೋಯಿತು.

ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತಿದ್ದ ಮಾವ ಆಗ ಬಾಯಿಬಿಟ್ಟರು. ಘಾಟಿನಲ್ಲಿ ಪೌರೋಹಿತ್ಯ ಮಾಡುವ ಅವರು ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಅವರ ಕಣ್ಣಿನ ಪೊರೆ ತೆಗೆದವಳು ನಾನೇ.

"ಅಲ್ಲ ಕಣೋ, ಇವಳು ನನ್ನ ಕಣ್ಣಿಗೆ ಕೈ ಹಾಕಿದ್ದು ನನಗೇ ಗೊತ್ತಾಗ್ಲಿಲ್ಲ. 'ಶುರು ಮಾಡಮ್ಮಾ' ಅಂದ್ರೆ 'ಮುಗೀತು ಮಾವ' ಅಂದ್ಲು. ಕೈಗುಣ ಅಂದ್ರೆ ಅದು. ಪಾಪ, ಕಾರಿಗೇನು ಗೊತ್ತು?"

ಕಾರು ಮಾತ್ರ ಹೆದ್ದಾರಿ ಮುಗಿಯುವ ತನಕ ಬಯ್ಯುತ್ತಲೇ ಇತ್ತು. ಬಯ್ಯಲಿ ಬಿಡಿ. ಅದರ ಕ್ಯಾಮೆರಾ ಕಣ್ಣಿಗೆ ಪೊರೆ ಬಂದ ದಿನ ನನ್ನ ಹತ್ತಿರವೇ ಬರಬೇಕು.